ಪಾಠ ಮೊಬೈಲಿಗೆ ಬಂತು, ರೋಗಿ ಬರಲಿಲ್ಲ

ಕೋವಿಡ್ ಕಾಲದ ಆನ್‌ಲೈನ್ ಪಾಠ ಹಿಡಿಸಿತೇ ಎಂದು ವೈದ್ಯಕೀಯ ವಿದ್ಯಾರ್ಥಿಗಳನ್ನು ಕೇಳದ ದೇಶವೇ ಇಲ್ಲವೇನೋ. ಜೋರ್ಡಾನಿನಲ್ಲಿ ಆಸ್ಪತ್ರೆ ಹಂತದ 652 ವಿದ್ಯಾರ್ಥಿಗಳ ಸಮೀಕ್ಷೆಯಲ್ಲಿ ತೃಪ್ತರ ಪ್ರಮಾಣ ಶೇ. 26.8. ಬ್ರಿಟನ್ನಿನ 2,721 ವಿದ್ಯಾರ್ಥಿಗಳ ಸಮೀಕ್ಷೆಯಲ್ಲಿ ಬೇಕಾದ ಹೊತ್ತಿಗೆ ಕಲಿಯುವ ಅನುಕೂಲಕ್ಕೆ ಮೆಚ್ಚುಗೆ ಸಿಕ್ಕಿತು; ಮನೆಯ ಗದ್ದಲ ಮತ್ತು ಕೈಕೊಡುವ ಇಂಟರ್ನೆಟ್ಟಿನ ಬಗ್ಗೆ ದೂರು ಬಂತು. ಎರಡೂ ನಿಜವಿರಬಹುದು. ಉಪನ್ಯಾಸ ಪರದೆಗೆ ಒಗ್ಗುತ್ತದೆ, ವಾರ್ಡು ಒಗ್ಗುವುದಿಲ್ಲ. ತೃಪ್ತಿಯ ಪ್ರಶ್ನೆ ಇವೆರಡನ್ನೂ ಒಂದೇ ಅಂಕಿಯಲ್ಲಿ ಹಿಡಿಯಲು ಹೊರಟಿತು.

ನಮ್ಮಲ್ಲಿ ಉಪನ್ಯಾಸ ಮೊಬೈಲಿಗೆ ಹೋಗಿದ್ದು ಲಾಕ್‌ಡೌನ್‌ಗಿಂತ ಮೊದಲೇ. ಸ್ನಾತಕೋತ್ತರ ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್-ಪಿಜಿಗೆ ತಯಾರಾಗುವವರು ಮ್ಯಾರೊ, ಪ್ರೆಪ್‌ಲ್ಯಾಡರ್‌ನಂಥ ಆ್ಯಪ್‌ಗಳಲ್ಲಿ ಪಾಠ ನೋಡುತ್ತಿದ್ದರು, ಶೇ. 75 ಹಾಜರಿಯ ನಿಯಮ ಇಲ್ಲದಿದ್ದರೆ ಎಷ್ಟು ಲೆಕ್ಚರ್ ಹಾಲ್‌ಗಳು ತುಂಬುತ್ತಿದ್ದವೋ! ಈ ಹೊತ್ತಿಗೇ, 2019ರ ಆಗಸ್ಟ್‌ನಲ್ಲಿ, ಎಂಬಿಬಿಎಸ್ ಪಠ್ಯಕ್ರಮ ಬದಲಾಯಿತು. ಮೊದಲ ವರ್ಷದಿಂದಲೇ ರೋಗಿಗಳ ಪರಿಚಯ, ಬೊಂಬೆಗಳ ಮೇಲೆ ಕೈಕೆಲಸ ಕಲಿಯುವ ಸ್ಕಿಲ್ ಲ್ಯಾಬ್, ರೋಗಿಗಳೊಡನೆ ಮಾತನಾಡುವ ರೀತಿಯ ತರಬೇತಿ: ಒಟ್ಟಿನಲ್ಲಿ, ಏನು ಗೊತ್ತು ಎಂಬುದಕ್ಕಿಂತ ಏನು ಮಾಡಬಲ್ಲೆ ಎಂಬುದಕ್ಕೆ ಒತ್ತು. ಆ ಮೊದಲ ಬ್ಯಾಚು ಹೆಣ ಕೊಯ್ದು ಕಲಿಯುವ ಡಿಸೆಕ್ಷನ್ ಹಾಲ್‌ಗೆ ಒಗ್ಗಿಕೊಳ್ಳುತ್ತಿದ್ದಾಗ 2020ರ ಮಾರ್ಚ್ ಬಂತು. ಕಲಬುರಗಿಯಲ್ಲಿ ದೇಶದ ಮೊದಲ ಕೋವಿಡ್ ಸಾವು, ಹಿಂದೆಯೇ ಲಾಕ್‌ಡೌನ್. ಹಾಸ್ಟೆಲ್ ಖಾಲಿಯಾಯಿತು.

ಉಪನ್ಯಾಸಗಳು ಜೂಮ್‌ಗೆ ಸೇರಿದವು. ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದ ಸುದ್ದಿಗಳು ಎಲ್ಲರಿಗೂ ನೆನಪಿವೆ. ಆದರೆ ನೆಟ್‌ವರ್ಕ್ ಚೆನ್ನಾಗಿದ್ದವರಿಗೂ ಸಿಗದ ಪಾಠಗಳಿದ್ದವು. ಹೃದಯದ ಬಡಿತದ ನಡುವೆ ಕೇಳುವ ಅಸಹಜ ಮರ್ಮರ್ ಸದ್ದನ್ನಾದರೂ ಇಯರ್‌ಫೋನಿನಲ್ಲಿ ಕೇಳಿಸಬಹುದು. ಊದಿದ ಕಾಲನ್ನು ಹೆಬ್ಬೆರಳಿನಿಂದ ಒತ್ತಿ ಗುಳಿ ಬೀಳುತ್ತದೆಯೇ ನೋಡುವುದನ್ನು, ಎದೆಯ ಮೇಲೆ ಬೆರಳಿಟ್ಟು ಕುಟ್ಟಿ ಒಳಗೆ ನೀರು ತುಂಬಿದೆಯೇ ಎಂದು ತಿಳಿಯುವುದನ್ನು, ರೋಗಿ ಉಸಿರೆಳೆದುಕೊಂಡಾಗ ಪಕ್ಕೆಲುಬಿನಡಿ ಇಳಿದು ಬೆರಳಿಗೆ ತಾಗುವ ಊದಿದ ಸ್ಪ್ಲೀನ್ (ಗುಲ್ಮ) ಅನ್ನು ಗುರುತಿಸುವುದನ್ನು ಯಾವ ಪಿಪಿಟಿ ಕಲಿಸೀತು? ಹಿಸ್ಟರಿ ತೆಗೆಯುವುದೂ, ಅಂದರೆ ರೋಗಿಯನ್ನು ಕೇಳಿ ಕೇಳಿ ಕಾಯಿಲೆಯ ವಿವರ ತಿಳಿಯುವುದೂ ಅಷ್ಟೇ. ನೋವು ಎಲ್ಲಿ ಎಂದರೆ "ಎಲ್ಲಾ ಕಡೆ" ಎನ್ನುವ ಅಜ್ಜಿಯಿಂದ ಉತ್ತರ ಹೊರಡಿಸಲು ಕಲಿಯಬೇಕಾದರೆ ಆ ಅಜ್ಜಿಯೇ ಎದುರಿಗಿರಬೇಕು.

ಕಾಲೇಜುಗಳು ಮತ್ತೆ ತೆರೆದದ್ದು 2020ರ ಡಿಸೆಂಬರ್ ಹೊತ್ತಿಗೆ. ಕೆಲವೇ ತಿಂಗಳಲ್ಲಿ ಎರಡನೇ ಅಲೆ. 2021ರ ಮೇನಲ್ಲಿ ಕೇಂದ್ರ ಸರ್ಕಾರ ನೀಟ್-ಪಿಜಿಯನ್ನು ಮುಂದಕ್ಕೆ ಹಾಕಿ, ಅಂತಿಮ ವರ್ಷದ ಎಂಬಿಬಿಎಸ್ ವಿದ್ಯಾರ್ಥಿಗಳನ್ನು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಫೋನ್ ಸಲಹೆಗೆ, ಸೌಮ್ಯ ಲಕ್ಷಣದ ರೋಗಿಗಳ ನಿಗಾಕ್ಕೆ ಬಳಸಬಹುದು ಎಂದಿತು. ತಿಂಗಳುಗಟ್ಟಲೆ ಕ್ಲಿನಿಕಲ್ ಪೋಸ್ಟಿಂಗ್ (ವಾರ್ಡುಗಳಲ್ಲಿ ರೋಗಿಗಳ ನಡುವಿನ ಕಲಿಕೆ) ಇಲ್ಲದೆ ಕಳೆದವರಿಗೇ ಈ ಕರೆ ಬಂದಿತ್ತು.

ಆನ್‌ಲೈನ್ ಕಲಿಕೆ ಎಲ್ಲಿಯವರೆಗೆ ಸಲ್ಲುತ್ತದೆ ಎಂಬ ಪ್ರಶ್ನೆಗೆ ಗಟ್ಟಿ ಉತ್ತರ ಹುಡುಕಬೇಕಾಗಿ ಬಂದದ್ದು ಚೀನಾದಲ್ಲಿ ಓದುತ್ತಿದ್ದವರ ದೆಸೆಯಿಂದ. 2020ರ ಆರಂಭದಲ್ಲಿ ಮರಳಿದ ಭಾರತೀಯ ವಿದ್ಯಾರ್ಥಿಗಳಿಗೆ ಎರಡು ವರ್ಷಕ್ಕೂ ಮೇಲೆ ಚೀನಾದ ಬಾಗಿಲು ಮುಚ್ಚಿತ್ತು. ಹಲವರು ಮನೆಯಲ್ಲೇ ಕೂತು ಕೋರ್ಸ್ ಮುಗಿಸಿದರು. 2022ರಲ್ಲಿ ಯುದ್ಧದಿಂದಾಗಿ ಉಕ್ರೇನಿನಿಂದ ಬಂದವರೂ ಜೊತೆಗೂಡಿದರು. ವಿಷಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಕೊನೆಗೆ 2022ರ ಜುಲೈನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ದಾರಿ ತೋರಿಸಿತು: ಜೂನ್ 30ರೊಳಗೆ ಪದವಿ ಮುಗಿಸಿದ ಅಂತಿಮ ವರ್ಷದವರು ವಿದೇಶದಲ್ಲಿ ಓದಿದ ವೈದ್ಯರ ಅರ್ಹತಾ ಪರೀಕ್ಷೆಯಾದ ಎಫ್‌ಎಂಜಿಇ ಬರೆಯಬಹುದು, ಆದರೆ ತಪ್ಪಿದ ಕ್ಲಿನಿಕಲ್ ತರಬೇತಿಗೆ ಬದಲಾಗಿ ಒಂದರ ಜಾಗದಲ್ಲಿ ಎರಡು ವರ್ಷ ಇಂಟರ್ನ್‌ಶಿಪ್ ಮಾಡಬೇಕು.

ನಿರ್ಧಾರ ಕಠಿಣವಾದರೂ ಸರಿಯಾದದ್ದೇ. ದೇಶದೊಳಗೆ ಓದಿದವರಿಗೆ ಇಂಥ ಹೆಚ್ಚುವರಿ ವರ್ಷ ಬರಲಿಲ್ಲ. ಅವರು ಕಳೆದುಕೊಂಡ ತಿಂಗಳುಗಳು ಕಡಿಮೆ, ವಾರ್ಡುಗಳೂ ಹತ್ತಿರದಲ್ಲೇ ಇದ್ದವು. ಆ ತಿಂಗಳುಗಳ ಕೊರತೆ ನಿಜವಾಗಿ ತುಂಬಿತೇ ಎಂದು ತಿಳಿಯಲು ತೃಪ್ತಿಯ ಪ್ರಶ್ನಾವಳಿ ಸಾಲದು. ಅವರ ಇಂಟರ್ನ್‌ಶಿಪ್ಪಿನಲ್ಲಿ ಮಾಡಿದ ಕೆಲಸ ದಾಖಲಾಗುವ ಲಾಗ್‌ಬುಕ್‌ಗಳನ್ನು ತೆರೆದು ನೋಡಬೇಕು.