ಕಾಪಾಡಿದ್ದು ಬೇರೆಯದೇ ಮೀನನ್ನು

ಅಳಿವಿನಂಚಿನ ಮೀನು ಅಂದ ಕೂಡಲೇ ಎಲ್ಲರಿಗೂ ಹೊಳೆಯುವ ಉಪಾಯ ಒಂದೇ. ಹ್ಯಾಚರಿಯಲ್ಲಿ ಮರಿ ಮಾಡಿಸಿ ಹೊಳೆಗೆ ಬಿಟ್ಟರಾಯಿತು! ಈ ನಂಬಿಕೆ ಎಲ್ಲಿಗೆ ಕೊಂಡೊಯ್ಯುತ್ತದೆ ಅಂತ ತಿಳಿಯಬೇಕಾದರೆ ಅಮೆರಿಕದ ಕೊಲೊರಾಡೋದ ಗ್ರೀನ್‌ಬ್ಯಾಕ್ ಕಟ್‌ಥ್ರೋಟ್ ಟ್ರೌಟ್‌ನ ಕಥೆ ಕೇಳಬೇಕು. ಗಂಟಲ ಕೆಳಗೆ ಕೆಂಪು ಗೆರೆ ಇರುವ, ತಣ್ಣನೆಯ ತೊರೆಗಳ ಮೀನು ಇದು.

1937ರ ಹೊತ್ತಿಗೆ ಇದು ಪೂರ್ತಿ ಅಳಿದೇ ಹೋಯಿತು ಎಂದುಕೊಂಡಿದ್ದರು. ಆಮೇಲೆ ಬೆಟ್ಟದ ತೊರೆಗಳಲ್ಲಿ ಅಲ್ಲೊಂದು ಇಲ್ಲೊಂದು ಗುಂಪು ಸಿಕ್ಕಿತು. ಸರ್ಕಾರ ಕಾಯ್ದೆಯ ರಕ್ಷಣೆ ಕೊಟ್ಟಿತು, ಮರಿ ಬೆಳೆಸಿ ಹಲವು ಕಡೆ ಬಿಟ್ಟಿತು. 1994ರಲ್ಲಿ ರಾಜ್ಯದ ಮೀನು ಅನ್ನೋ ಪಟ್ಟವೂ ಸಿಕ್ಕಿತು. 2007ರಲ್ಲಿ ಡಿಎನ್‌ಎ ನೋಡಿದರೆ, ಕಾಪಾಡಿಕೊಂಡು ಬಂದ ಗುಂಪುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಗ್ರೀನ್‌ಬ್ಯಾಕ್ ಅಲ್ಲವೇ ಅಲ್ಲ, ರಾಕಿ ಬೆಟ್ಟಸಾಲಿನ ಪಶ್ಚಿಮ ಬದಿಯ ಅದರ ದಾಯಾದಿ!

ಹಾಗಾದರೆ ನಿಜವಾದದ್ದು ಯಾವುದು? ಉತ್ತರ ಇದ್ದದ್ದು ಮ್ಯೂಸಿಯಂಗಳ ಗಾಜಿನ ಜಾಡಿಗಳಲ್ಲಿ. ಹ್ಯಾಚರಿಗಳ ಭರಾಟೆಗೂ ಮೊದಲು, 19ನೇ ಶತಮಾನದಲ್ಲಿ ಹಿಡಿದ ಮೀನುಗಳು ಅಲ್ಲಿ ಆಲ್ಕೋಹಾಲಿನಲ್ಲಿ ಮುಳುಗಿ ಕೂತಿದ್ದವು. ಪುಣ್ಯಕ್ಕೆ ಅವಕ್ಕೆ ಫಾರ್ಮಾಲಿನ್ (ಸತ್ತ ಜೀವಿ ಕೊಳೆಯದಂತೆ ಇಡುವ ಇನ್ನೊಂದು ದ್ರವ) ತಾಗಿರಲಿಲ್ಲ. ಫಾರ್ಮಾಲಿನ್ ಡಿಎನ್‌ಎಯನ್ನು ಪ್ರೋಟೀನಿಗೆ ಬೆಸೆದುಬಿಡುತ್ತದೆ, ಆಮೇಲೆ ಓದುವುದು ತುಂಬಾ ಕಷ್ಟ. ಆಲ್ಕೋಹಾಲಿನಲ್ಲೂ ಅಷ್ಟು ವರ್ಷದಲ್ಲಿ ಡಿಎನ್‌ಎ ತುಂಡು ತುಂಡಾಗುತ್ತದೆ, ನಿಜ. ಆದರೆ ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ ಡಿಎನ್‌ಎಗೆ ಒಂದೊಂದು ಜೀವಕೋಶದಲ್ಲೂ ನೂರಾರು ಪ್ರತಿಗಳಿರುತ್ತವೆ. ಒಂದೇ ಪುಸ್ತಕದ ನೂರಾರು ಪ್ರತಿಗಳನ್ನು ಸಿಕ್ಕಸಿಕ್ಕಲ್ಲಿ ಹರಿದರೂ, ಒಂದರಲ್ಲಿ ಹರಿದ ಸಾಲು ಇನ್ನೊಂದರಲ್ಲಿ ಇಡಿಯಾಗಿ ಉಳಿದಿರುತ್ತದೆ ಅಲ್ವಾ? ಹಾಗೆ ಚೂರಿಗೆ ಚೂರು ಹೊಂದಿಸುತ್ತಾ ಓದಿದರು. ಇವತ್ತಿನ ಮೀನಿನ ಡಿಎನ್‌ಎ ಒಂದಿಷ್ಟು ಬೆರೆತರೂ ಕೆಲಸ ಕೆಟ್ಟಂತೆ, ಅದಕ್ಕೇ ಅಷ್ಟು ಎಚ್ಚರ ಬೇಕು.

2012ರಲ್ಲಿ ಫಲಿತಾಂಶ ಬಂತು. ಗ್ರೀನ್‌ಬ್ಯಾಕ್‌ನ ತವರಾದ ಸೌತ್ ಪ್ಲಾಟ್ ನದಿಯ ಹಳೆಯ ಮೀನುಗಳಿಗೆ ತಾಳೆಯಾಗುವ ಮೀನು ಬದುಕಿದ್ದದ್ದು ಬೇರ್ ಕ್ರೀಕ್ ಎಂಬ ಒಂದೇ ತೊರೆಯ ಕೆಲವೇ ಕಿಲೋಮೀಟರ್ ಉದ್ದದಲ್ಲಿ. ಅದೂ ಅದರ ತವರಲ್ಲ, ಅರ್ಕಾನ್ಸಾ ನದಿಯ ಜಲಾನಯನ ಪ್ರದೇಶ! 19ನೇ ಶತಮಾನದ ಕೊನೆಯ ದಶಕಗಳಲ್ಲಿ ಒಬ್ಬ ಹೋಟೆಲಿನವ ಪ್ರವಾಸಿಗರನ್ನು ಸೆಳೆಯಲು ಅಲ್ಲಿ ಮೀನು ತಂದು ಬಿಟ್ಟಿದ್ದ.

ಈ ಗೊಂದಲದ ಮೂಲವೂ ಮರಿ ಬಿಡುವ ಹುಮ್ಮಸ್ಸೇ. 19ನೇ ಶತಮಾನದ ಕೊನೆಯಿಂದ ಸರ್ಕಾರಿ ಹ್ಯಾಚರಿಗಳು ಪಶ್ಚಿಮದ ಮೀನುಗಳನ್ನು ಕೋಟಿಗಟ್ಟಲೆ ತಂದು ಪೂರ್ವದ ನದಿಗಳಿಗೆ ಸುರಿದಿದ್ದವು. ಎಲ್ಲಿ, ಯಾವಾಗ, ಎಷ್ಟು ಅನ್ನೋದು ಹಳೆಯ ದಾಖಲೆಗಳಲ್ಲಿ ಸಿಕ್ಕಿತು. ಹಾಗಾಗಿ ಧೂಳು ಹಿಡಿದ ಲೆಡ್ಜರು, ಜಾಡಿಗಳಿಗೆ ಯಾಕೆ ಇಷ್ಟು ದುಡ್ಡು ಅಂತ ಬಜೆಟ್ ಹೊತ್ತಿನಲ್ಲಿ ಗೊಣಗುವವರ ಬಗ್ಗೆ ನನಗೆ ಸಿಟ್ಟು ಬರುತ್ತದೆ.

ಹ್ಯಾಚರಿ ಬೇಡ ಅಂತಲ್ಲ. ಬೇರ್ ಕ್ರೀಕ್‌ನ ಮೀನಿಂದಲೇ ಮರಿ ಮಾಡಿಸಿ, ಬೇರೆ ಮೀನುಗಳನ್ನು ಮೊದಲು ಪೂರ್ತಿ ತೆಗೆದು, 2014ರಲ್ಲಿ ತವರಿನ ಝಿಮ್ಮರ್‌ಮನ್ ಕೆರೆಗೆ ಬಿಟ್ಟರು. ಆಮೇಲೆ ಹರ್ಮನ್ ಗಲ್ಚ್ ತೊರೆಗೂ ಬಿಟ್ಟರು. ಅಲ್ಲಿ ಅವು ತಾವಾಗಿಯೇ ಮರಿ ಮಾಡುತ್ತಿವೆ ಎಂದು 2022ರಲ್ಲಿ ಕೊಲೊರಾಡೋದ ವನ್ಯಜೀವಿ ಇಲಾಖೆ ಪ್ರಕಟಿಸಿತು.