ಚಮಚ, ಮೇಣದಬತ್ತಿ ಮತ್ತು ಕಿಡ್ನಿಯ ಜರಡಿ

ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ರಿಚರ್ಡ್ ಬ್ರೈಟ್ ಎಂಬ ವೈದ್ಯರಿದ್ದರು. ಮೈಯೆಲ್ಲ ಊದಿಕೊಂಡು ಬರುವ ರೋಗಿಗಳ ಮೂತ್ರವನ್ನು ಅವರು ಒಂದು ಚಮಚಕ್ಕೆ ಹಾಕಿ, ಮೇಣದಬತ್ತಿಯ ಮೇಲೆ ಹಿಡಿದು ಕಾಯಿಸುತ್ತಿದ್ದರು. ಕೆಲವರದು ನೀರಿನ ಹಾಗೇ ಕುದಿಯುತ್ತಿತ್ತು. ಕೆಲವರದು ಮಾತ್ರ ಬೆಂದ ಮೊಟ್ಟೆಯ ಬಿಳಿಯ ಹಾಗೆ ಹೆಪ್ಪುಗಟ್ಟುತ್ತಿತ್ತು. ಹೀಗೆ ಮೂತ್ರ ಹೆಪ್ಪುಗಟ್ಟಿದವರು ತೀರಿಕೊಂಡ ಮೇಲೆ ದೇಹ ಕೊಯ್ದು ನೋಡಿದರೆ ಅವರ ಕಿಡ್ನಿಗಳು ಹಾಳಾಗಿರುತ್ತಿದ್ದವು. 1827ರಲ್ಲಿ ಬ್ರೈಟ್ ಇದನ್ನೆಲ್ಲ ಬರೆದು ಪ್ರಕಟಿಸಿದರು.

ಹೆಪ್ಪುಗಟ್ಟುತ್ತಿದ್ದದ್ದು ಅಲ್ಬುಮಿನ್ ಎಂಬ ಪ್ರೋಟೀನ್. ಅದು ರಕ್ತದಲ್ಲಿ ಇರಬೇಕಾದದ್ದು. ಮೂತ್ರಕ್ಕೆ ಬಂತು ಅಂದರೆ ಸಾಮಾನ್ಯವಾಗಿ ಕಿಡ್ನಿಯ ಜರಡಿ ಎಲ್ಲೋ ಹರಿದಿದೆ ಎಂದೇ ಅರ್ಥ. ಇನ್ನೂರು ವರ್ಷ ಆಗುತ್ತಾ ಬಂದರೂ ಶುಗರ್ ಇರುವವರ ಕಿಡ್ನಿ ಬಗ್ಗೆ ಬೇಗ ಸುಳಿವು ಕೊಡುವುದು ಈ ಪರೀಕ್ಷೆಯೇ. ಚಮಚದ ಜಾಗಕ್ಕೆ ಲ್ಯಾಬಿನ ಯಂತ್ರ ಬಂದಿದೆ, ಅಷ್ಟೆ. ಆದರೂ ಎಷ್ಟೋ ಮಂದಿ ಇದನ್ನು ಒಮ್ಮೆಯೂ ಮಾಡಿಸಿರುವುದಿಲ್ಲ. ನನ್ನ ದೊಡ್ಡಪ್ಪನಿಗೆ ಹನ್ನೆರಡು ವರ್ಷದಿಂದ ಶುಗರ್ ಇತ್ತು. ಕ್ರಿಯಾಟಿನಿನ್ ಅಂದರೆ ಕಿಡ್ನಿ ಸೋಸಿ ಹೊರಹಾಕುವ ಒಂದು ಕಸ; ಸೋಸುವುದು ಕಡಿಮೆಯಾದರೆ ಅದು ರಕ್ತದಲ್ಲಿ ಏರುತ್ತದೆ. ಪ್ರತಿ ವರ್ಷ ರಕ್ತದಲ್ಲಿ ಅದನ್ನು ನೋಡಿ ಡಾಕ್ಟರ್ ‘ಕಿಡ್ನಿ ಚೆನ್ನಾಗಿದೆ’ ಅನ್ನುತ್ತಿದ್ದರು. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ ಜರಡಿ ನೋಡೋಣ.

ಒಂದೊಂದು ಕಿಡ್ನಿಯೂ ನಮ್ಮ ಮುಷ್ಟಿಯಷ್ಟು ದೊಡ್ಡದು. ತೂಕ ಸುಮಾರು 150 ಗ್ರಾಂ. ಇಷ್ಟು ಚಿಕ್ಕ ಅಂಗಗಳು ಹೃದಯ ತಳ್ಳುವ ರಕ್ತದಲ್ಲಿ ಹೆಚ್ಚುಕಡಿಮೆ ಐದನೇ ಒಂದು ಪಾಲನ್ನು ಎಳೆದುಕೊಳ್ಳುತ್ತವೆ. ನಿಮಿಷಕ್ಕೆ ಒಂದು ಲೀಟರಿಗಿಂತ ಜಾಸ್ತಿ! ಒಂದು ಕಿಡ್ನಿಯೊಳಗೆ ಸರಾಸರಿ 10 ಲಕ್ಷ ನೆಫ್ರಾನ್‌ಗಳಿವೆ. ನೆಫ್ರಾನ್ ಅಂದರೆ ಒಂದು ಜರಡಿ ಮತ್ತು ಅದಕ್ಕೆ ಅಂಟಿದ ಉದ್ದನೆಯ ನಳಿಗೆ. ಜರಡಿ ಇರುವುದು ಕೂದಲಿಗಿಂತ ತೆಳುವಾದ ರಕ್ತನಾಳಗಳು ಸುತ್ತಿಕೊಂಡ ಪುಟ್ಟ ಉಂಡೆಯಲ್ಲಿ. ಅದರ ಹೆಸರು ಗ್ಲಾಮೆರುಲಸ್. ಇಟಲಿಯ ಮಾರ್ಚೆಲ್ಲೊ ಮಾಲ್ಪೀಗಿ 1666ರಷ್ಟು ಹಿಂದೆಯೇ ಸೂಕ್ಷ್ಮದರ್ಶಕದಲ್ಲಿ ಈ ಉಂಡೆಗಳನ್ನು ನೋಡಿದ್ದರು. ಮರದಲ್ಲಿ ಸೇಬು ತೂಗಿದ ಹಾಗೆ ಕಂಡವಂತೆ ಅವರಿಗೆ.

ಸೋಸಬೇಕಾದರೆ ಒತ್ತಡ ಬೇಕು. ಅದಕ್ಕೆ ಇಲ್ಲೊಂದು ವಿಶೇಷ ಏರ್ಪಾಡಿದೆ. ದೇಹದ ಬೇರೆ ಕಡೆ ಸಾಮಾನ್ಯವಾಗಿ ಅಪಧಮನಿ ಕವಲೊಡೆದು ಸಣ್ಣ ನಾಳಗಳಾಗುತ್ತದೆ, ಆಮೇಲೆ ಅಭಿಧಮನಿ ಸೇರುತ್ತದೆ. ಇಲ್ಲಿ ಉಂಡೆಯ ಒಳಗೆ ಬರುವುದೂ ಪುಟ್ಟ ಅಪಧಮನಿ, ಹೊರಗೆ ಹೋಗುವುದೂ ಪುಟ್ಟ ಅಪಧಮನಿ. ಎರಡೂ ಬೇಕೆಂದಾಗ ಬಿಗಿಯುತ್ತವೆ, ಸಡಿಲವಾಗುತ್ತವೆ. ರಕ್ತ ಒಳಗೆ ಬರುವ ಕಡೆ ಮುಂದೊಂದು ನಲ್ಲಿ, ಹೊರಗೆ ಹೋಗುವ ಕಡೆ ಹಿಂದೊಂದು ನಲ್ಲಿ ಇದ್ದ ಹಾಗೆ. ಗಿಡಕ್ಕೆ ನೀರು ಬಿಡುವಾಗ ಪೈಪಿನ ತುದಿಗೆ ಹೆಬ್ಬೆರಳು ಒತ್ತಿದರೆ ಪೈಪಿನೊಳಗೆ ಒತ್ತಡ ಏರುತ್ತದಲ್ವಾ? ಹಿಂದಿನ ನಲ್ಲಿ ಮಾಡುವ ಕೆಲಸ ಅದೇ. ನಮ್ಮ ಬಿಪಿ ಸ್ವಲ್ಪ ಏರಿಳಿದರೂ ಉಂಡೆಯೊಳಗಿನ ಒತ್ತಡ ಒಂದೇ ಸಮ ಇರುವಂತೆ ಈ ಎರಡು ನಲ್ಲಿಗಳು ನೋಡಿಕೊಳ್ಳುತ್ತವೆ. ಇವನ್ನು ನೆನಪಿಟ್ಟುಕೊಳ್ಳಿ. ಮುಂದೆ ಕಾಯಿಲೆಯೂ ಔಷಧಿಯೂ ಇವುಗಳ ಮೇಲೇ ನಿಂತಿವೆ.

ಆ ಒತ್ತಡಕ್ಕೆ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ ಹೊರಬರುತ್ತದೆ. ಅಂದರೆ 20 ಲೀಟರಿನ ನೀರಿನ ಕ್ಯಾನ್ ಒಂಬತ್ತು. ನಮ್ಮ ರಕ್ತದಲ್ಲಿ ಕಣಗಳನ್ನು ಬಿಟ್ಟು ಉಳಿಯುವ ದ್ರವವೇ ಬರೀ ಮೂರು ಲೀಟರ್. ಅದೇ ದ್ರವ ದಿನಕ್ಕೆ ಅರವತ್ತು ಸಲ ಜರಡಿ ದಾಟುತ್ತದೆ! ಮೂತ್ರವಾಗಿ ಹೋಗುವುದು ಮಾತ್ರ ಒಂದೂವರೆ ಲೀಟರ್ ಆಸುಪಾಸು. ಉಳಿದದ್ದನ್ನೆಲ್ಲ ನಳಿಗೆ ವಾಪಸ್ ಎಳೆದುಕೊಳ್ಳುತ್ತದೆ.

ಇಷ್ಟು ಸುರಿದು ಮತ್ತೆ ಎತ್ತಿಕೊಳ್ಳುವುದು ಯಾಕೆ? ಹಬ್ಬಕ್ಕೆ ಮುಂಚೆ ಅಟ್ಟ ಕ್ಲೀನ್ ಮಾಡುವುದನ್ನು ನೆನೆಸಿಕೊಳ್ಳಿ. ಎಲ್ಲವನ್ನೂ ಕೆಳಗಿಳಿಸಿ, ಬೇಕಾದ್ದನ್ನು ಮಾತ್ರ ಮೇಲಿಡುತ್ತೇವೆ. ಕಿಡ್ನಿಯ ದಾರಿಯೂ ಹೆಚ್ಚಾಗಿ ಇದೇ. ಸಕ್ಕರೆ, ಉಪ್ಪು, ನೀರು ಬೇಕು ಅಂತ ಅದಕ್ಕೆ ಗೊತ್ತು, ಎತ್ತಿಕೊಳ್ಳುತ್ತದೆ. ಎತ್ತಿಕೊಳ್ಳದ್ದು ತಾನಾಗಿ ಹೊರಗೆ ಹೋಗುತ್ತದೆ. ಹಾಗಾಗಿ ಮುಂಚೆ ಯಾವತ್ತೂ ಕಾಣದ ವಸ್ತು ರಕ್ತಕ್ಕೆ ಬಂದರೂ ಎಷ್ಟೋ ಸಲ ಅದನ್ನು ಸಾಗಹಾಕಬಲ್ಲದು. ನನಗೆ ಕಿಡ್ನಿಯ ವಿಷಯದಲ್ಲಿ ಅತ್ಯಂತ ಇಷ್ಟವಾಗುವ ಸಂಗತಿ ಇದು.

ಇನ್ನು ಜರಡಿಯ ಬಟ್ಟೆ. ಅದಕ್ಕೆ ಮೂರು ಪದರ. ಒಳಗಿನದು ರಕ್ತನಾಳದ ಗೋಡೆ, ತುಂಬ ತೂತುಗಳಿರುವುದು. ರಕ್ತಕಣಗಳು ಇಲ್ಲೇ ನಿಲ್ಲುತ್ತವೆ. ನಡುವೆ ಪ್ರೋಟೀನ್ ಎಳೆಗಳಿಂದ ಹೆಣೆದ ತೆಳು ಚಾಪೆ. ಹೊರಗಿನಿಂದ ಪೋಡೋಸೈಟ್ ಎಂಬ ಕೋಶಗಳು ನಾಳವನ್ನು ತಬ್ಬಿಕೊಂಡಿರುತ್ತವೆ. ಎರಡೂ ಕೈಯ ಬೆರಳುಗಳನ್ನು ಒಂದರೊಳಗೊಂದು ಹೆಣೆದು ಹಿಡಿಯಿರಿ. ಅಕ್ಕಪಕ್ಕದ ಪೋಡೋಸೈಟ್‌ಗಳು ಹಿಡಿದುಕೊಳ್ಳುವುದು ಹಾಗೆ. ಬೆರಳುಗಳ ನಡುವಿನ ಸಂದಿಗೆ ಅಡ್ಡಲಾಗಿ ನೆಫ್ರಿನ್ ಎಂಬ ಪ್ರೋಟೀನಿನ ಬಲೆ ಇದೆ. ಫಿನ್ಲೆಂಡಿನಲ್ಲಿ ಕೆಲವು ಮಕ್ಕಳು ಹುಟ್ಟುವ ಮುಂಚಿನಿಂದಲೇ ಮೂತ್ರದಲ್ಲಿ ವಿಪರೀತ ಪ್ರೋಟೀನ್ ಕಳೆದುಕೊಳ್ಳುತ್ತಿದ್ದರು. ಅದಕ್ಕೆ ಕಾರಣ ಹುಡುಕುತ್ತಾ ಹೋದಾಗ 1998ರಲ್ಲಿ ಸಿಕ್ಕಿದ್ದು ಈ ನೆಫ್ರಿನ್. ಇದೊಂದು ಕೆಟ್ಟರೆ ಮಿಕ್ಕ ಎರಡು ಪದರ ಇದ್ದೂ ಜರಡಿ ನಿಲ್ಲುವುದಿಲ್ಲ.

ನಮ್ಮ ಮನೆಯ ಕಾಫಿ ಫಿಲ್ಟರಿನ ತೂತುಗಳು ಕಟ್ಟಿಕೊಳ್ಳುತ್ತವೆ, ಆಗಾಗ ತಿಕ್ಕಿ ತೊಳೆಯುತ್ತೇವೆ. ಈ ಜರಡಿಯನ್ನು ಹಾಗೆ ಬಿಚ್ಚಿ ತೊಳೆಯುವವರಿಲ್ಲ. ನಡುವಿನ ಚಾಪೆಗೆ ಸಿಕ್ಕಿಕೊಂಡ ಪ್ರೋಟೀನನ್ನು ನುಂಗಿ ತೆಗೆಯುವುದು, ಚಾಪೆ ಜಗ್ಗದಂತೆ ಒತ್ತಿ ಹಿಡಿಯುವುದು, ಅದರ ಎಳೆಗಳನ್ನು ಹೊಸದಾಗಿ ಹಾಕುವುದು, ಎಲ್ಲದರಲ್ಲೂ ಪೋಡೋಸೈಟ್‌ಗಳ ಕೈಯಿದೆ. ಆದರೆ ಚರ್ಮದ ಕೋಶಗಳ ಹಾಗೆ ಇವು ಒಡೆದು ಎರಡಾಗುವುದಿಲ್ಲ. ಹುಟ್ಟುವಾಗ ಬಂದವರೇ ಕೊನೆಯವರೆಗೆ ದುಡಿಯಬೇಕು ಅನ್ನುವಂತಿದೆ ಅವುಗಳ ಸ್ಥಿತಿ. ಒಂದು ಕಳಚಿ ಬಿದ್ದರೆ ಪಕ್ಕದ್ದು ಕಾಲು ಚಾಚಿ ಆ ಜಾಗ ಮುಚ್ಚುತ್ತದೆ. ಜಾಸ್ತಿ ಬಿದ್ದರೆ ಮುಚ್ಚಲಾಗುವುದಿಲ್ಲ. ಅಲ್ಲಿ ಗಾಯದ ಕಲೆ ಕಟ್ಟಿ, ಆ ಉಂಡೆ ಶಾಶ್ವತವಾಗಿ ಮುಚ್ಚಿಹೋಗುತ್ತದೆ.

ಶುಗರ್ ಕಾಯಿಲೆ ಇವನ್ನು ಹೇಗೆ ಕೆಡಿಸುತ್ತದೆ ನೋಡಿ. ಸೋಸಿದ ದ್ರವದಲ್ಲಿ ಸಕ್ಕರೆ ಜಾಸ್ತಿ ಇದ್ದರೆ ನಳಿಗೆ ಅದನ್ನು ಜಾಸ್ತಿ ಎಳೆದುಕೊಳ್ಳುತ್ತದೆ. ಸಕ್ಕರೆಯ ಜೊತೆ ಉಪ್ಪೂ ಹೋಗುತ್ತದೆ. ನಳಿಗೆ ಮುಂದೆ ಸುತ್ತಿ ಬಂದು ತನ್ನದೇ ಉಂಡೆಯ ಬಾಯಿಯ ಪಕ್ಕ ಹಾದುಹೋಗುತ್ತದೆ. ಅಲ್ಲಿ ಉಪ್ಪನ್ನು ಅಳೆಯುವ ಕೋಶಗಳಿವೆ. ಉಪ್ಪು ಕಡಿಮೆ ಕಂಡರೆ, ಸೋಸುವುದು ಸಾಲುತ್ತಿಲ್ಲ ಅನ್ನುವಂತೆ ಅವು ಮುಂದಿನ ನಲ್ಲಿಯನ್ನು ತೆರೆಸುತ್ತವೆ. ಒತ್ತಡ ಏರುತ್ತದೆ. ಪೋಡೋಸೈಟ್‌ಗಳ ಹಿಡಿತ ಸಡಿಲವಾಗುತ್ತದೆ. ಈ ಹಂತದಲ್ಲಿ ಕಿಡ್ನಿ ಮಾಮೂಲಿಗಿಂತ ಜಾಸ್ತಿ ಸೋಸುತ್ತಿರುತ್ತದೆ, ಹಾಗಾಗಿ ರಕ್ತದ ಕ್ರಿಯಾಟಿನಿನ್ ಬಹಳ ಚೆನ್ನಾಗಿ ಕಾಣುತ್ತದೆ. ಎಷ್ಟೋ ಜನರಲ್ಲಿ ಕಿಡ್ನಿಯ ಅರ್ಧದಷ್ಟು ಶಕ್ತಿ ಹೋಗುವವರೆಗೂ ಅದು ನಾರ್ಮಲ್ ಗೆರೆ ದಾಟುವುದಿಲ್ಲ. ಮೂತ್ರದ ಅಲ್ಬುಮಿನ್ ಹೆಚ್ಚಿನವರಲ್ಲಿ ಅದಕ್ಕೆ ಎಷ್ಟೋ ಮುಂಚೆ ಸೋರಲು ಶುರುವಾಗಿರುತ್ತದೆ. ಮೂತ್ರದಲ್ಲಿರುವ ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಅಲ್ಬುಮಿನ್ 30 ಮಿಲಿಗ್ರಾಂ ದಾಟಿದರೆ ಮತ್ತೆ ಪರೀಕ್ಷಿಸಿ ನೋಡಲೇಬೇಕು. ಅಷ್ಟು ಕಡಿಮೆ ಸೋರಿಕೆ ಕಣ್ಣಿಗೆ ಕಾಣುವುದಿಲ್ಲ. ಮೂತ್ರದಲ್ಲಿ ನೊರೆ ನಿಲ್ಲುವಷ್ಟಾದರೆ ಸಾಮಾನ್ಯವಾಗಿ ಸೋರಿಕೆ ಬಹಳ ಮುಂದೆ ಹೋಗಿರುತ್ತದೆ. ಅದಕ್ಕೇ ಟೈಪ್ 2 ಶುಗರ್ ಇರುವವರು ಕಾಯಿಲೆ ಗೊತ್ತಾದ ದಿನದಿಂದಲೇ ವರ್ಷಕ್ಕೊಮ್ಮೆ ಇದನ್ನು ಮಾಡಿಸಬೇಕು. ಬಿಪಿ ಇರುವವರೂ ಡಾಕ್ಟರನ್ನು ಕೇಳಿ ಮಾಡಿಸುವುದು ಒಳ್ಳೆಯದು.

ಮೊಣಕಾಲು ನೋವಿಗೆ ಮೆಡಿಕಲ್ ಶಾಪಿನಿಂದ ಸುಮ್ನೆ ತಂದು ನುಂಗುವ ಮಾತ್ರೆಗಳ ಬಗ್ಗೆಯೂ ಹೇಳಬೇಕು. ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದವು ಮುಂದಿನ ನಲ್ಲಿಯನ್ನು ತೆರೆದಿಡುವ ರಾಸಾಯನಿಕಗಳನ್ನೇ ತಡೆಯುತ್ತವೆ. ಬಿಸಿಲಲ್ಲಿ ದುಡಿದು ಮೈ ನೀರು ಆರಿದಾಗ, ವಾಂತಿ ಭೇದಿ ಆದಾಗ, ಕಿಡ್ನಿ ಉಳಿದುಕೊಳ್ಳುವುದು ಆ ನಲ್ಲಿಯಿಂದಲೇ. ಅದೇ ಹೊತ್ತಿಗೆ ಈ ಮಾತ್ರೆ ಬಿದ್ದರೆ ಜರಡಿಗೆ ರಕ್ತವೇ ಸಾಲದೆ ಹೋಗಬಹುದು.

ಒತ್ತಡ ಇಳಿಸುವ ಔಷಧಿಗಳೂ ನಮ್ಮಲ್ಲಿವೆ. ಬ್ರೆಜಿಲ್‌ನ ಒಂದು ಮಂಡಲದ ಹಾವಿನ ವಿಷವನ್ನು ಅಭ್ಯಾಸ ಮಾಡುತ್ತಾ ಕ್ಯಾಪ್ಟೊಪ್ರಿಲ್ ಹುಟ್ಟಿತು. ಇವತ್ತಿನ ರಾಮಿಪ್ರಿಲ್ ಅದರದೇ ಬಳಗದ್ದು, ಟೆಲ್ಮಿಸಾರ್ಟನ್ ಬೇರೆ ಬಳಗದ್ದಾದರೂ ಕೆಲಸ ಅದೇ. ಇವು ಹಿಂದಿನ ನಲ್ಲಿಯನ್ನು ಸಡಿಲ ಮಾಡುತ್ತವೆ. ಸೇಬಿನ ಮರದ ತೊಗಟೆಯಿಂದ 1835ರಲ್ಲಿ ಬೇರ್ಪಡಿಸಿದ ಫ್ಲೋರಿಜಿನ್ ಎಂಬ ವಸ್ತುವಿನ ಜಾಡು ಹಿಡಿದು ಬಂದವು ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್. ಇವು ನಳಿಗೆ ಸಕ್ಕರೆ ಎಳೆದುಕೊಳ್ಳುವುದನ್ನು ತಡೆಯುತ್ತವೆ. ಆಗ ಉಪ್ಪು ಅಳೆಯುವ ಕೋಶಗಳಿಗೆ ಮತ್ತೆ ಉಪ್ಪು ಸಿಗುತ್ತದೆ, ಮುಂದಿನ ನಲ್ಲಿ ಬಿಗಿಯುತ್ತದೆ.

ದೊಡ್ಡಪ್ಪನ ಕ್ರಿಯಾಟಿನಿನ್ 1.1 ಇತ್ತು. ಬೇರೆ ಡಾಕ್ಟರ್ ಒಬ್ಬರು ಮೂತ್ರ ಪರೀಕ್ಷೆ ಬರೆದುಕೊಟ್ಟಾಗ ಅಲ್ಬುಮಿನ್ 400 ದಾಟಿತ್ತು. ಈ ಎರಡೂ ಬಗೆಯ ಮಾತ್ರೆ ಶುರುವಾದವು. ಮೂರು ವಾರಕ್ಕೆ ಕ್ರಿಯಾಟಿನಿನ್ 1.3 ಆಯಿತು. ದೊಡ್ಡಪ್ಪ ಹೆದರಿ, ‘ಮಾತ್ರೆಯಿಂದಲೇ ಕಿಡ್ನಿ ಹೋಗ್ತಿದೆ’ ಅಂತ ನಿಲ್ಲಿಸಲು ಹೊರಟಿದ್ದರು. ಡಾಕ್ಟರ್ ಒಂದು ಚೀಟಿಯ ಹಿಂದೆ ಆ ಉಂಡೆಯನ್ನೂ ಎರಡು ನಲ್ಲಿಗಳನ್ನೂ ಬರೆದು ತೋರಿಸಿದರು. ಒತ್ತಡ ಇಳಿದಾಗ ಸೋಸುವುದು ಸ್ವಲ್ಪ ಕಡಿಮೆ ಆಗುತ್ತದೆ, ಇಷ್ಟು ಏರುವುದು ನಿರೀಕ್ಷಿಸಿದ್ದೇ, ಪರೀಕ್ಷೆ ಮಾಡಿಸುತ್ತಾ ಇರೋಣ ಅಂದರು. ಆರು ತಿಂಗಳ ಮೇಲೆ ನೋಡಿದಾಗ ಕ್ರಿಯಾಟಿನಿನ್ 1.3ರಲ್ಲೇ ನಿಂತಿತ್ತು. ಅಲ್ಬುಮಿನ್ 150ಕ್ಕೆ ಇಳಿದಿತ್ತು. ಆ ಚೀಟಿಯನ್ನು ದೊಡ್ಡಪ್ಪ ರಿಪೋರ್ಟ್‌ಗಳ ಫೈಲಿನಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟುಕೊಂಡಿದ್ದಾರೆ.