ಎಷ್ಟು ಟನ್ ಅನ್ನೋದು ಆಮೇಲೆ, ನೆಲದ ಕೆಳಗೇನಿದೆ ಹೇಳಿ

ಮನೆಯ ಕಾರ್ ಶೆಡ್ಡಿಗೆ ಕಾರು ಎತ್ತುವ ಲಿಫ್ಟ್ ಹಾಕಿಸಬೇಕು ಅಂತ ಫೋನ್ ಮಾಡುವವರ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಸಾರ್, 3 ಟನ್ನಿಂದು ಸಾಕಾ, 4 ಟನ್ನಿಂದು ತಗೊಳ್ಳಲಾ?" ಸಾಕು. ಸ್ವಿಫ್ಟ್ ಒಂದು ಟನ್ ಕೂಡ ತೂಗುವುದಿಲ್ಲ. ಫಾರ್ಚೂನರ್ ಎರಡು ಟನ್ನಿನ ಆಸುಪಾಸು. ಲಿಫ್ಟ್ ಎತ್ತಲಾರದಂಥ ಮನೆ ಕಾರನ್ನು ನಾನಿನ್ನೂ ಕಂಡಿಲ್ಲ. ಲಿಫ್ಟನ್ನು ತಡೆದುಕೊಳ್ಳಲಾರದ ನೆಲಗಳನ್ನು ಮಾತ್ರ ಸಾಕಷ್ಟು ಕಂಡಿದ್ದೇನೆ.

ನಾನು ಕಟ್ಟಡದ ಲೆಕ್ಕ ಹಾಕುವ ಎಂಜಿನಿಯರ್, ಲಿಫ್ಟ್ ಮಾರುವವನಲ್ಲ. ನನ್ನನ್ನು ಕರೆಯುವುದು ಸಾಮಾನ್ಯವಾಗಿ ಅಡ್ವಾನ್ಸ್ ಕೊಟ್ಟಾದ ಮೇಲೆ, ಹುಡುಗರು ಬಂದು ಟೈಲ್ ಮೇಲೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ ಹೋದ ಮೇಲೆ. ಹೋಗಿ "ನೆಲ ಎಂಥದ್ದು?" ಅಂತ ಕೇಳಿದರೆ ಮನೆಯವರಿಗೆ ಬೇಜಾರಾಗುತ್ತದೆ. "ಏನ್ ಸಾರ್, ಮನೆ ಕಟ್ಟುವಾಗ ಮರಳಿನ ಲಾರಿನೇ ಬಂದು ಇಲ್ಲಿ ನಿಂತಿತ್ತು, ಒಂದು ಬಿರುಕೂ ಬಿಟ್ಟಿಲ್ಲ!"

ಈ ಲಾರಿಯ ಮಾತೇ ನನ್ನ ತಲೆನೋವು. ಲಾರಿ ನೆಲವನ್ನು ಕೆಳಕ್ಕೆ ಒತ್ತುತ್ತದೆ, ಅಷ್ಟೆ. ಎರಡು ಕಂಬದ ಲಿಫ್ಟ್ ಹಾಗಲ್ಲ. ಕಾರು ಕಂಬದ ಮೇಲೆ ಕೂರುವುದಿಲ್ಲ, ಕಂಬದಿಂದ ಹೊರಚಾಚಿದ ತೋಳುಗಳ ಮೇಲೆ ಕೂರುತ್ತದೆ. ತುಂಬಿದ ಬಿಂದಿಗೆಯನ್ನು ಚಾಚಿದ ಕೈಯಲ್ಲಿ ಹಿಡಿದು ನಿಂತು ನೋಡಿ: ಮೈ ಮುಂದಕ್ಕೆ ವಾಲುತ್ತದೆ, ಹಿಮ್ಮಡಿ ನೆಲ ಬಿಡಲು ನೋಡುತ್ತದೆ. ಕಂಬಕ್ಕೂ ಅದೇ ಗತಿ. ಅದರ ಬುಡದ ಪ್ಲೇಟಿನ ಒಳ ಅಂಚು ನೆಲವನ್ನು ಒತ್ತಿದರೆ, ಹೊರಗಡೆಯ ಬೋಲ್ಟುಗಳನ್ನು ಪ್ಲೇಟು ಮೇಲಕ್ಕೆ ಕೀಳುತ್ತಿರುತ್ತದೆ. 1,600 ಕೆಜಿಯ ಕಾರು ಎಂದರೆ ಒಂದೊಂದು ಕಂಬಕ್ಕೆ 800 ಕೆಜಿ. ತೋಳಿನ ಉದ್ದ, ಪ್ಲೇಟಿನ ಅಗಲ ಹಿಡಿದು ಒರಟಾಗಿ ಲೆಕ್ಕ ಹಾಕಿದರೂ ಹೊರಗಿನ ಬೋಲ್ಟುಗಳ ಮೇಲೆ ಒಟ್ಟು ಒಂದು ಟನ್ನಿನಷ್ಟು ಎಳೆತ ಬೀಳುತ್ತದೆ. ಮಾದರಿಯಿಂದ ಮಾದರಿಗೆ ಇದು ಬದಲಾಗುತ್ತದೆ, ನನ್ನ ಅಂಕಿಯನ್ನೇ ಹಿಡಿದುಕೊಂಡು ಹೋಗಬೇಡಿ. ಆದರೆ ದಿಕ್ಕು ಬದಲಾಗುವುದಿಲ್ಲ. ಎಳೆತ ಮೇಲಕ್ಕೆ. ಲಾರಿ ಎಂದೂ ನಿಮ್ಮ ನೆಲವನ್ನು ಮೇಲಕ್ಕೆ ಎಳೆದಿಲ್ಲ.

ಈಗ ಆ ಬೋಲ್ಟು ಕಚ್ಚಿಕೊಳ್ಳುವುದು ಯಾವುದನ್ನು? ಲಿಫ್ಟಿನ ಪುಸ್ತಕದಲ್ಲಿ ಸಾಮಾನ್ಯವಾಗಿ ಬರೆದಿರುವುದು ಕನಿಷ್ಠ 4 ಇಂಚು ದಪ್ಪದ, ಎಂ 20 ದರ್ಜೆಯ ಆಸುಪಾಸಿನ ಕಾಂಕ್ರೀಟ್. ಇನ್ನೂ ದಪ್ಪ ಕೇಳುವ ಮಾದರಿಗಳೂ ಇವೆ. ನಮ್ಮ 30-40 ಸೈಟಿನ ಮನೆಯ ಪಾರ್ಕಿಂಗಿನಲ್ಲಿ ಇರುವುದು ಮಣ್ಣು ತುಂಬಿ, ಕಲ್ಲಿನ ಹಾಸು (ಸೋಲಿಂಗ್) ಕೊಟ್ಟು, ಮೇಲೆ 1:4:8 ಪಿಸಿಸಿ (ಒಂದು ಪಾಲು ಸಿಮೆಂಟು, ನಾಲ್ಕು ಮರಳು, ಎಂಟು ಜಲ್ಲಿಯ, ಕಂಬಿಯಿಲ್ಲದ ಕಾಂಕ್ರೀಟ್) ಹಾಕಿ, ಅದರ ಮೇಲೆ ಗಾರೆ ಹರಡಿ ಅಂಟಿಸಿದ ಟೈಲ್. "ಎಲ್ಲಾ ಸೇರಿ 7 ಇಂಚು ಬರುತ್ತೆ" ಅನ್ನುತ್ತಾರೆ. ಟೈಲು ಲೆಕ್ಕಕ್ಕಿಲ್ಲ, ಗಾರೆ ಲೆಕ್ಕಕ್ಕಿಲ್ಲ. ಪಿಸಿಸಿಯ ಬಲ ಎಂ 20ರ ಅರ್ಧಕ್ಕೂ ಕಡಿಮೆ. ಕೆಮಿಕಲ್ ಆ್ಯಂಕರ್ (ತೂತಿಗೆ ಅಂಟು ತುಂಬಿ ಕೂರಿಸುವ ಬೋಲ್ಟು) ಹಾಕುತ್ತೇವೆ, ಯೋಚನೆ ಮಾಡಬೇಡಿ ಅಂತ ಅಂಗಡಿಯವರು ಹೇಳಿರುತ್ತಾರೆ. ಅಂಟು ಎಷ್ಟೇ ಗಟ್ಟಿಯಿದ್ದರೂ, ಅಂಟಿಕೊಂಡದ್ದು ಪುಡಿಯಾದರೆ ಬೋಲ್ಟು ಆ ಪುಡಿಯ ಸಮೇತ ಕಿತ್ತು ಬರುತ್ತದೆ.

ಪರೀಕ್ಷೆಗೆ ದೊಡ್ಡ ಯಂತ್ರವೇನೂ ಬೇಕಿಲ್ಲ. ಕಂಬ ಬರುವ ಜಾಗದಲ್ಲಿ ಹ್ಯಾಮರ್ ಡ್ರಿಲ್‌ನಿಂದ ಸಣ್ಣ ತೂತು ಕೊರೆಸಿ, ಹೊರಬರುವ ಪುಡಿಯನ್ನು ನೋಡುತ್ತಿರಿ. ಮೊದಲು ಟೈಲಿನ ಬಿಳಿ ಪುಡಿ, ಆಮೇಲೆ ಬೂದು. ಬೂದು ಎಷ್ಟು ಇಂಚಿನವರೆಗೆ ಬರುತ್ತದೆ ಎನ್ನುವುದೇ ಪ್ರಶ್ನೆ. ಎಷ್ಟೋ ಮನೆಗಳಲ್ಲಿ ಬಿಟ್ ಮೂರು ಇಂಚು ಇಳಿಯುವಷ್ಟರಲ್ಲಿ ಒಮ್ಮೆಲೇ ಹಗುರಾಗಿ ಒಳಗೆ ಜಾರಿ, ತೂತಿನ ಬಾಯಲ್ಲಿ ನಮ್ಮ ಕೆಮ್ಮಣ್ಣು ಕಾಣಿಸುತ್ತದೆ. ಕೊರೆಯುವ ಮುಂಚೆ ಇನ್ನೊಂದು ವಿಷಯ ಖಾತ್ರಿ ಮಾಡಿಕೊಳ್ಳಿ. ಸಂಪು, ಅಂದರೆ ನೆಲದಡಿಯ ನೀರಿನ ತೊಟ್ಟಿ, ಎಲ್ಲಿದೆ ಅನ್ನುವುದು.

ಬನಶಂಕರಿಯ ಒಂದು ಮನೆ. ಯಜಮಾನರು ಬ್ಯಾಂಕಿನಿಂದ ನಿವೃತ್ತರು, ಅವರದೊಂದು ಹಳೆಯ ಪ್ರೀಮಿಯರ್ ಪದ್ಮಿನಿ. ಅದರಡಿ ತಾವೇ ಮಲಗಿ ರಿಪೇರಿ ಮಾಡಿಕೊಳ್ಳುವ ಖಯಾಲಿ, ಬೆನ್ನು ಮಾತ್ರ ಈಗ ಕೇಳುತ್ತಿಲ್ಲ. ಲಿಫ್ಟ್ ಆರ್ಡರ್ ಆಗಿತ್ತು. ಸಂಪು ಎಲ್ಲಿದೆ ಎಂದು ಕೇಳಿದ್ದಕ್ಕೆ ಗೇಟಿನ ಮೂಲೆಯ ಮುಚ್ಚಳ ತೋರಿಸಿ, "ಅಲ್ಲಿ. ಲಿಫ್ಟ್ ಬರೋದು ಇಲ್ಲಿ. ಏನೂ ತೊಂದರೆ ಇಲ್ಲ" ಎಂದರು. ಮುಚ್ಚಳ ಇದ್ದಷ್ಟೇ ಸಂಪು ಎಂದುಕೊಂಡವರು ಇವರೊಬ್ಬರೇ ಅಲ್ಲ. ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದ ಅವರ ತಾಯಿ ತಲೆ ಎತ್ತಲಿಲ್ಲ. "ಅಲ್ಲೆಲ್ಲಾ ಸಂಪೇ ಕಣಪ್ಪಾ. ಈ ಮೆಟ್ಟಿಲ ತನಕಾನೂ ಬಂದಿದೆ. ಆಗೆಲ್ಲಾ ನಾನೇ ಇಳಿದು ತೊಳೀತಿದ್ದೆನಲ್ಲ." ಮುಚ್ಚಳ ತೆಗೆದು ಪಿವಿಸಿ ಪೈಪನ್ನು ಅಡ್ಡಡ್ಡ ತೂರಿಸಿ ಅಳೆದೆವು. ಅಜ್ಜಿಯ ಮಾತು ನಿಜ. ಚಾಕ್‌ಪೀಸಿನ ಎರಡು ಚೌಕಗಳಲ್ಲಿ ಒಂದು ಸರಿಯಾಗಿ ಸಂಪಿನ ನಡುಮಧ್ಯದ ಮೇಲಿತ್ತು.

ಸಂಪಿನ ಸ್ಲ್ಯಾಬು ಕಂಬಿ ಹಾಕಿದ ಆರ್‌ಸಿಸಿಯೇ ಇರಬಹುದು, ಕಾರಿನ ಚಕ್ರವನ್ನೂ ತಡೆಯಬಹುದು. ಅದಕ್ಕೆ ಬೋಲ್ಟು ಹೊಡೆದು ಕಂಬ ನಿಲ್ಲಿಸುವುದಕ್ಕೆ ಮಾತ್ರ ನಾನು ಸಹಿ ಹಾಕುವುದಿಲ್ಲ. ಕೊನೆಗೆ ಲಿಫ್ಟನ್ನು ಸಂಪಿನಿಂದ ದೂರ, ಪಕ್ಕದ ಗೋಡೆಯ ಕಡೆಗೆ ಸರಿಸಿ, ಅಲ್ಲಿ ನೆಲ ಒಡೆಸಿದೆವು. ಎರಡು ಕಂಬಕ್ಕೂ ಸೇರಿ ಒಂದೇ ಉದ್ದನೆಯ ಪಟ್ಟಿ ಹಾಕಿ, ಕಂಬಿ ಕಟ್ಟಿ ಹೊಸ ಕಾಂಕ್ರೀಟ್ ಸುರಿಸಿದೆವು. ಎಡಗಂಬ ಬಲಕ್ಕೆ ವಾಲಲು ನೋಡುತ್ತದೆ, ಬಲಗಂಬ ಎಡಕ್ಕೆ. ಒಂದೇ ಪಟ್ಟಿಯಾದರೆ ಆ ಎರಡು ಬಲಗಳು ಪಟ್ಟಿಯೊಳಗೇ ಒಂದನ್ನೊಂದು ತಡೆಯುತ್ತವೆ. ಪಟ್ಟಿಯ ದಪ್ಪ ನಿಮ್ಮ ಮಣ್ಣಿನ ಮೇಲೆ ಹೋಗುತ್ತದೆ, ಇಲ್ಲಿ ಬರೆದರೆ ತಪ್ಪಾದೀತು. ಆಮೇಲೆ 28 ದಿನ ಕ್ಯೂರಿಂಗ್. ಯಜಮಾನರು ವಾರಕ್ಕೇ ಫೋನ್ ಮಾಡಿದರು: "7 ದಿನಕ್ಕೆ ಮೂರರಲ್ಲಿ ಎರಡು ಪಾಲು ಗಟ್ಟಿಯಾಗುತ್ತಂತಲ್ಲ?" ಆಗುತ್ತದೆ. ಲಿಫ್ಟು ಮೂರರಲ್ಲಿ ಎರಡು ಪಾಲು ಕಾರನ್ನು ಎತ್ತುವುದಿಲ್ಲವಲ್ಲ ಸಾರ್, ಅಂದೆ. ಸಿಟ್ಟು ಮಾಡಿಕೊಂಡರು, ಆದರೆ ದಿನಾ ಬೆಳಿಗ್ಗೆ ನೀರು ಬಿಟ್ಟರು.

ರಿಪೇರಿಗಲ್ಲ, ಬರೀ ಒಂದರ ಮೇಲೊಂದು ಕಾರು ನಿಲ್ಲಿಸಬೇಕು ಎನ್ನುವವರಿಗೆ ನಾಲ್ಕು ಕಂಬದ್ದೇ ವಾಸಿ. ಅದರ ಭಾರ ನೆಟ್ಟಗೆ ಕೆಳಕ್ಕೆ ಇಳಿಯುತ್ತದೆ, ಕೀಳುವ ರಗಳೆ ಕಡಿಮೆ. ಸಂಪಿನ ಮೇಲೆ ಅದರ ಕಾಲೂ ಬೇಡ. ಆದರೆ ಎತ್ತರ? ಕೆಳಗೆ 1.6 ಮೀಟರಿನ ಕಾರು, ಮೇಲೆ 1.5ರದ್ದು, ನಡುವೆ ಪ್ಲಾಟ್‌ಫಾರ್ಮು, ಸಂದು ಎಂದು 0.3 ಸೇರಿಸಿ. 11 ಅಡಿ ದಾಟಿತು. ಅದೂ ಬೀಮಿನ ಕೆಳಗೆ ಅಳೆದಾಗ, ಸ್ಲ್ಯಾಬಿನ ಕೆಳಗಲ್ಲ. ನಿಮ್ಮ ಸ್ಟಿಲ್ಟ್ (ಮನೆಯಡಿಯ ಪಾರ್ಕಿಂಗ್) 8-9 ಅಡಿ ಇದ್ದರೆ ಮಾತು ಅಲ್ಲಿಗೆ ಮುಗಿಯಿತು. ಗುಂಡಿ ತೋಡಿ ಕೆಳಗಿನ ಕಾರು ಇಳಿಸುವ ಮಾದರಿ ಇದೆ, ನಿಜ. 2022ರ ಸೆಪ್ಟೆಂಬರಿನ ಮಳೆಗೆ ಬೆಂಗಳೂರಿನ ಬೇಸ್‌ಮೆಂಟುಗಳಲ್ಲಿ ಮುಳುಗಿದ ಕಾರುಗಳನ್ನು ನೆನಪು ಮಾಡಿಕೊಂಡು ತೀರ್ಮಾನಿಸಿ.

ಕರೆಂಟಿನ ವಿಷಯ ಯಾರೂ ಕೇಳುವುದಿಲ್ಲ, ಹಾಗಾಗಿ ಹೇಳಿಬಿಡುತ್ತೇನೆ. ಮೇಲೆತ್ತಿದ ಕಾರನ್ನು ಎಣ್ಣೆಯ ಒತ್ತಡದ ಮೇಲೆ ಬಿಡಬಾರದು, ಲಾಕಿನ ಮೇಲೆ ಕೂರಿಸಬೇಕು. ಹಾಗೆ ಕೂತದ್ದನ್ನು ಇಳಿಸಲು ಬಹುತೇಕ ಲಿಫ್ಟುಗಳಲ್ಲಿ ಮೊದಲು ಒಂದಿಷ್ಟು ಮೇಲೆತ್ತಬೇಕು, ಆಗಲೇ ಲಾಕು ಬಿಡುವುದು. ಎತ್ತಲು ಮೋಟಾರು ಬೇಕು, ಮನೆಯ ಸಾಮಾನ್ಯ ಯುಪಿಎಸ್ ಅದನ್ನು ಎಳೆಯುವುದಿಲ್ಲ. ಆಫೀಸಿಗೆ ಹೊರಡುವ ಹೊತ್ತಿಗೆ ಕರೆಂಟು ಹೋದರೆ ಮೇಲಿನ ಕಾರು ಮೇಲೆಯೇ. ದಿನಾ ಓಡಿಸುವ ಕಾರನ್ನು ಕೆಳಗೆ ನಿಲ್ಲಿಸಿ.